ನೋಗರಾಜ್ ನೋಡಿ ನಾವು ನಕ್ಕಿದ್ದು ಯಾವುದಕ್ಕೆ?

(ಸಿನಿಮಾ ಚರ್ಚೆ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಹಿಂದಿನ ಸಾಲು

ಶನಿವಾರ ರಾತ್ರಿ ‘ಹಂಬಲ್ ಪೊಲಿಟಿಷಿಯನ್ ನೋಗರಾಜ್’ ಮತ್ತೆ ನೋಡಿದೆ. 2018ರ ಜನವರಿಯಲ್ಲಿ ಬಿಡುಗಡೆಯಾದಾಗ ಥಿಯೇಟರಿನಲ್ಲೇ ನೋಡಿದ್ದೆ. ಆಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಈ ಸಲವೂ ನಗು ಬಂತು, ಆದರೆ ಆಗ ನಕ್ಕ ಜಾಗದಲ್ಲಿ ಬರಲಿಲ್ಲ.

ನೋಡದವರಿಗೆ ಎರಡು ಮಾತು. ಸಾದ್ ಖಾನ್ ನಿರ್ದೇಶನದ ಕನ್ನಡ ಹಾಸ್ಯ ಸಿನಿಮಾ. ಕಾರ್ಪೊರೇಟರ್ ನೋಗರಾಜ್ ಆಗಿ ದಾನಿಶ್ ಸೇಠ್. ಇವನು ಮೊದಲು ಹುಟ್ಟಿದ್ದು ರೇಡಿಯೋದ ಪ್ರಾಂಕ್ ಕಾಲ್‌ಗಳಲ್ಲಿ, ಆಮೇಲೆ ಸಿನಿಮಾಕ್ಕೆ ಬಂದ. ಎಂಎಲ್ಎ ಆಗಬೇಕು ಅನ್ನುವುದೊಂದೇ ಅವನ ಆಸೆ. ಅದಕ್ಕಾಗಿ ಏನು ಬೇಕಾದರೂ ಮಾಡುತ್ತಾನೆ. ಎದುರಿಗೆ ಅರುಣ್ ಪಾಟೀಲ್ ಅನ್ನುವ ಒಳ್ಳೆಯ ಮನುಷ್ಯ ನಿಲ್ಲುತ್ತಾನೆ, ಆ ಪಾತ್ರ ರೋಜರ್ ನಾರಾಯಣ್ ಅವರದು. ಕೊನೆಯನ್ನು ಹೇಳದೆ ಈ ಚರ್ಚೆ ಮುಂದೆ ಹೋಗುವುದಿಲ್ಲ, ಹಾಗಾಗಿ ಹೇಳಿಬಿಡುತ್ತೇನೆ: ಗೆಲ್ಲುವುದು ನೋಗರಾಜ್.

ಮೊದಲ ಸಲ ನೋಡಿದಾಗ ಈ ಗೆಲುವು ನನಗೆ ಒಂದು ಜೋಕ್ ತರಹ ಕಂಡಿತ್ತು. ಚಪ್ಪಾಳೆ ಹೊಡೆದು ಹೊರಗೆ ಬಂದಿದ್ದೆ. ಈ ಸಲ ಅಲ್ಲಿಗೆ ಬಂದಾಗ ಸುಮ್ನೆ ಕೂತುಬಿಟ್ಟೆ. ಎರಡು ಗಂಟೆ ನಾನು ಯಾರ ಪರ ಇದ್ದೆ? ಅರುಣ್ ಪಾಟೀಲ್ ಬಂದಾಗಲೆಲ್ಲ ಯಾವಾಗ ನೋಗರಾಜ್ ಬರುತ್ತಾನೋ ಅಂತ ಕಾಯುತ್ತಿದ್ದೆ. ಅಂದರೆ ನನ್ನ ಮತ ಕೂಡ ಅವನಿಗೇ ಬಿದ್ದಿತ್ತು ಅಲ್ವಾ? ನಿರ್ದೇಶಕರು ಇದನ್ನು ಬೇಕೆಂದೇ ಮಾಡಿದ್ದಾರೆ ಅಂತ ನನಗೆ ಈಗ ಅನ್ನಿಸುತ್ತದೆ. ಹಾಗಿದ್ದರೆ ಇದು ಹಗುರವಾದ ಸಿನಿಮಾ ಅಲ್ಲವೇ ಅಲ್ಲ. ನಿಮಗೆಲ್ಲ ಏನನ್ನಿಸಿತು?

ಮಸಾಲೆಪುರಿ

ನನಗೆ ಇದು ಶುದ್ಧ ಮನರಂಜನೆ. ಜಾಸ್ತಿ ತಲೆ ಕೆಡಿಸಿಕೊಳ್ಳುವ ಸಿನಿಮಾ ಅಂತ ನನಗೆ ಅನ್ನಿಸಲಿಲ್ಲ. ಪಿಎ ಮಂಜುನಾಥನ ಪಾತ್ರ ಮಾಡಿರುವ ವಿಜಯ್ ಚೆಂಡೂರ್ ಅವರಿಗಾಗಿಯೇ ನಾನು ಮೂರು ಸಲ ನೋಡಿದ್ದೇನೆ. ಸಾಹೇಬರ ಪಕ್ಕದಲ್ಲಿ ನಿಂತು ಮುಖದಲ್ಲೇ ಎಲ್ಲ ಹೇಳುತ್ತಾರೆ. ದಾನಿಶ್ ಅಷ್ಟು ಜೋರಾಗಿ ಆಡಿದರೂ ಕಣ್ಣು ಇವರ ಕಡೆ ಹೋಗುತ್ತದೆ. ಆರ್‌ಸಿಬಿ ಕ್ರಿಕೆಟ್ ತಂಡದ ವಿಡಿಯೋಗಳಲ್ಲಿ ಅವರು ಮಾಡಿದ ಮಿಸ್ಟರ್ ನ್ಯಾಗ್ಸ್ ಪಾತ್ರ ನೋಡಿ ದಾನಿಶ್ ಅಭಿಮಾನಿ ಆದವನು ನಾನು, ಆದರೂ ಈ ಸಿನಿಮಾದಲ್ಲಿ ನನ್ನ ಓಟು ಮಂಜುನಾಥನಿಗೆ.

ಕೆರೆ ಏರಿ

ನನ್ನ ಅನುಭವ ಬೇರೆ. ಹೇಳಿದರೆ ಕೆಲವರಿಗೆ ಬೇಸರ ಆಗಬಹುದು, ಆದರೂ ಹೇಳುತ್ತೇನೆ.

ನಾನು ಆ ಸಿನಿಮಾ ನೋಡಿದ್ದು ಬೆಂಗಳೂರಿನ ಒಂದು ಮಾಲ್‌ನಲ್ಲಿ, ಆಫೀಸಿನ ಗೆಳೆಯರ ಜತೆ. ನಾನು ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ ಕನ್ನಡ ಮೀಡಿಯಂ ಓದಿದವನು. ನೋಗರಾಜ್ ಇಂಗ್ಲಿಷ್ ಮಾತಾಡಲು ಬಾಯಿ ತೆರೆದಾಗಲೆಲ್ಲ ಇಡೀ ಹಾಲ್ ನಗುತ್ತಿತ್ತು. ಅವನು ದುಡ್ಡು ಹೊಡೆಯುವಾಗ ಅಷ್ಟು ನಗು ಇಲ್ಲ, ಸುಳ್ಳು ಹೇಳುವಾಗಲೂ ಇಲ್ಲ, ಇಂಗ್ಲಿಷ್ ತಪ್ಪಿದಾಗ ಮಾತ್ರ ಜೋರು ನಗು. ನನ್ನ ಪಕ್ಕದಲ್ಲಿದ್ದವನು ನಗುತ್ತಾ ನಗುತ್ತಾ ನನ್ನ ತೊಡೆ ತಟ್ಟಿದ. ಆ ಕ್ಷಣ ನನಗೆ ನೆನಪಾಗಿದ್ದು ಆಫೀಸಿನಲ್ಲಿ ನನ್ನ ಮೊದಲ ಪ್ರೆಸೆಂಟೇಶನ್. ನಾನು ಒಂದು ಪದವನ್ನು ತಪ್ಪಾಗಿ ಉಚ್ಚರಿಸಿದ್ದೆ. ಎದುರಿಗಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಅಷ್ಟೇ. ಆದರೂ ಆ ನೋಟ ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಭ್ರಷ್ಟ ರಾಜಕಾರಣಿ ಅಂದರೆ ಇಂಗ್ಲಿಷ್ ಬಾರದವನು, ಒಳ್ಳೆಯವನು ಅಂದರೆ ಚೆನ್ನಾಗಿ ಇಂಗ್ಲಿಷ್ ಬರುವವನು. ಸಿನಿಮಾ ಹೀಗೆ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಪಾತ್ರಗಳನ್ನು ಎದುರುಬದುರು ನಿಲ್ಲಿಸಿದ ರೀತಿಯಲ್ಲೇ ಅದು ಬಂದುಬಿಟ್ಟಿದೆ. ಲಂಚ ತಿನ್ನುವುದಕ್ಕೂ ಇಂಗ್ಲಿಷ್‌ಗೂ ಏನು ಸಂಬಂಧ? ಸೊಗಸಾಗಿ ಇಂಗ್ಲಿಷ್ ಮಾತಾಡುತ್ತಲೇ ಫೈಲು ತಡೆಹಿಡಿದು ಕೈ ಬಿಸಿ ಮಾಡಿಸಿಕೊಂಡವರನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಹಿಂದಿನ ಸಾಲು

ನೀವು ಹೇಳಿದ್ದನ್ನು ಎರಡು ಸಲ ಓದಿದೆ. 2018ರಲ್ಲಿ ನಾನು ನಕ್ಕಿದ್ದು ಅದಕ್ಕೇ. ಈಗ ಯೋಚಿಸಿದರೆ ಈ ಸಲ ನನಗೆ ನಗು ಬಾರದೆ ಇದ್ದ ಜಾಗಗಳೂ ಅವೇ. ಆದರೆ ಒಂದು ವಿಷಯ. ನೋಗರಾಜನಿಗೆ ತನ್ನ ಇಂಗ್ಲಿಷ್ ಬಗ್ಗೆ ಒಂದು ಚೂರೂ ನಾಚಿಕೆ ಇಲ್ಲ. ಯಾರ ಎದುರೂ ತಲೆ ತಗ್ಗಿಸುವುದಿಲ್ಲ. ಅದು ನನಗೆ ಇಷ್ಟವಾಯಿತು. ದಾನಿಶ್ ಆ ಪಾತ್ರವನ್ನು ಪ್ರೀತಿಯಿಂದ ಮಾಡಿದ್ದಾರೆ, ಕೀಳಾಗಿ ಕಂಡು ಮಾಡಿಲ್ಲ ಅಂತ ನನ್ನ ನಂಬಿಕೆ.

ಕೆರೆ ಏರಿ

ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ. ನಾನು ಹೇಳಿದ್ದು ಹಾಲ್‌ನಲ್ಲಿ ಕೂತಿದ್ದವರ ಬಗ್ಗೆ. ನಗು ಎಲ್ಲಿ ಬೀಳಬೇಕು ಅಂತ ಬರೆದವರು ಲೆಕ್ಕ ಹಾಕಿರುತ್ತಾರಲ್ಲ. ಅಲ್ಲಿ ಬೀಳಲಿ ಅಂತ ಬಿಟ್ಟಿದ್ದು ಅವರೇ.

ವಾರ್ಡ್ ನಿವಾಸಿ

ಈ ಸಿನಿಮಾದ ಬಗ್ಗೆ ಮಾತಾಡುವವರೆಲ್ಲ ಎಂಎಲ್ಎ ಸೀಟಿನ ಬಗ್ಗೆ ಮಾತಾಡುತ್ತಾರೆ. ನನಗೆ ಹತ್ತಿರ ಅನ್ನಿಸಿದ್ದು ಅವನು ಇನ್ನೂ ಕಾರ್ಪೊರೇಟರ್ ಆಗಿರುವ ಮೊದಲ ಭಾಗ. ಯಾಕೆಂದರೆ ನಮ್ಮ ಜೀವನಕ್ಕೆ ನೇರವಾಗಿ ತಗುಲುವ ರಾಜಕಾರಣ ಅದೇ. ಚರಂಡಿ, ಕಸ, ಬೀದಿದೀಪ, ಗುಂಡಿ.

ಈಗ ಆ ಭಾಗ ನೋಡಿದರೆ ಬೇರೆಯೇ ಬೇಸರ ಆಗುತ್ತದೆ. ಸಿನಿಮಾ ಬಂದಾಗ ಬಿಬಿಎಂಪಿಯಲ್ಲಿ 198 ವಾರ್ಡ್ ಇದ್ದವು, ಪ್ರತಿ ವಾರ್ಡಿಗೂ ಒಬ್ಬ ಕಾರ್ಪೊರೇಟರ್ ಇದ್ದರು. ಆ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು. ಅದಾದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಬೆಂಗಳೂರಿನಂತಹ ಊರನ್ನು ಅಧಿಕಾರಿಗಳೇ ನಡೆಸಿದರು.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಮ್ಯಾನ್‌ಹೋಲ್ ಇದೆ. ಮಳೆ ಬಂದರೆ ಮುಚ್ಚಳ ಮೇಲೇಳುತ್ತದೆ, ನೀರು ಎರಡು ಮನೆಯ ಗೇಟಿನ ಒಳಗೆ ಹೋಗುತ್ತದೆ. ಮೊದಲು ಆದರೆ ಕಾರ್ಪೊರೇಟರ್ ಮನೆ ಎದುರು ಹೋಗಿ ನಿಲ್ಲುತ್ತಿದ್ದೆವು. ಅವರು ಒಳ್ಳೆಯವರೇನಲ್ಲ, ನಮಗೆ ಎಲ್ಲ ಗೊತ್ತಿತ್ತು. ಆದರೆ ಬೆಳಗ್ಗೆ ಏಳಕ್ಕೆ ಹತ್ತು ಜನ ಗೇಟಿನ ಹತ್ತಿರ ನಿಂತರೆ ಲುಂಗಿಯಲ್ಲೇ ಹೊರಗೆ ಬಂದು ಯಾರಿಗೋ ಫೋನ್ ಮಾಡುತ್ತಿದ್ದರು. ಸಂಜೆಯೊಳಗೆ ಲಾರಿ ಬರುತ್ತಿತ್ತು. ಆಮೇಲೆ ಆ ಗೇಟೇ ಇಲ್ಲ. ದೂರು ಕೊಟ್ಟರೆ ನಂಬರ್ ಬರುತ್ತದೆ, ಲಾರಿ ಬರುವುದಿಲ್ಲ.

ಅದಕ್ಕೇ ನೋಗರಾಜ್ ಗೆದ್ದಾಗ ನನಗೆ ಕೋಪ ಬರಲಿಲ್ಲ. ಅವನು ಕಳ್ಳ, ಆದರೆ ಸಿಗುವ ಕಳ್ಳ. ಜನ ಅವನಿಗೆ ಯಾಕೆ ಓಟು ಹಾಕುತ್ತಾರೆ ಅಂತ ಮೇಲಿನ ಮಹಡಿಯಲ್ಲಿ ಕೂತವರಿಗೆ ಅರ್ಥವಾಗುವುದಿಲ್ಲ.

ಟೆಂಟ್ ಸಿನಿಮಾ

ನನ್ನ ವಯಸ್ಸಿನವರು ಇಲ್ಲಿ ಕಡಿಮೆ ಅಂತ ಕಾಣುತ್ತದೆ, ಅದಕ್ಕೆ ಹಳೆಯ ಮಾತು ಎತ್ತುತ್ತೇನೆ.

ರಾಜಕೀಯದ ಮೇಲೆ ನಗುವುದು ಕನ್ನಡಕ್ಕೆ ಹೊಸದಲ್ಲ. ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ನೋಡಿದ್ದೀರಾ? ಸಾವಿರಾರು ಪ್ರದರ್ಶನ ಕಂಡ ನಾಟಕ ಅದು. ನಾನು ನೋಡಿದಾಗ ಹೈಸ್ಕೂಲಿನಲ್ಲಿದ್ದೆ, ಅಪ್ಪ ಕರೆದುಕೊಂಡು ಹೋಗಿದ್ದರು. ಮರದ ಮಡಿಸುವ ಕುರ್ಚಿ, ಮುಂದಿನ ಸಾಲಿನಲ್ಲಿ ಊರಿನ ದೊಡ್ಡ ಮನುಷ್ಯರು. ಹಿರಣ್ಣಯ್ಯನವರು ಬರೆದ ಮಾತಿಗೆ ಕಟ್ಟುಬೀಳುತ್ತಿರಲಿಲ್ಲ. ಆ ವಾರದ ಸುದ್ದಿಯನ್ನು ಎತ್ತಿಕೊಂಡು ಅಲ್ಲೇ ಮಾತು ಹೆಣೆಯುತ್ತಿದ್ದರು. ಮುಂದಿನ ಸಾಲಿನವರನ್ನು ಬೈದಾಗ ಹಿಂದೆ ಕೂತ ನಾವೆಲ್ಲ ಕುಣಿದಾಡಿ ನಕ್ಕೆವು. ಆಮೇಲೆ ತಿರುಗಿ ನಮ್ಮ ಕಡೆ ಬಂದರು. ದುಡ್ಡು ತಗೊಂಡು ಓಟು ಹಾಕಿದವರು ನೀವೇ ತಾನೇ ಅನ್ನುವ ಧಾಟಿ. ನಗು ನಿಂತಿತು. ಅಪ್ಪ ನನ್ನ ಕೈ ಹಿಡಿದುಕೊಂಡಿದ್ದರು, ಆ ಹಿಡಿತ ಬಿಗಿಯಾಗಿದ್ದು ನನಗೆ ಗೊತ್ತಾಯಿತು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನೋಗರಾಜ್‌ನಲ್ಲಿ ನನಗೆ ಸಿಗದೆ ಇದ್ದದ್ದು ಇದು. ನಮ್ಮ ಕಡೆ ತಿರುಗುವ ಆ ಒಂದು ಕ್ಷಣ. ಹಿಂದಿನ ಸಾಲಿನವರು ಅದು ಕೊನೆಯಲ್ಲಿ ಇದೆ ಅನ್ನುತ್ತಾರೆ. ಇರಬಹುದು. ಆದರೆ ಅದನ್ನು ಕಾಣಲು ನಿಮಗೆ ಎರಡನೇ ಸಲ ನೋಡಬೇಕಾಯಿತು. ಹಿರಣ್ಣಯ್ಯನವರು ಎರಡನೇ ಸಲಕ್ಕೆ ಬಿಡುತ್ತಿರಲಿಲ್ಲ. 2019ರ ಮೇನಲ್ಲಿ ಅವರು ತೀರಿಕೊಂಡರು, ಆ ಜಾಗ ಹಾಗೇ ಖಾಲಿ ಇದೆ.

ಇನ್ನೊಂದು ಮಾತು. ‘ಮುಖ್ಯಮಂತ್ರಿ’ ನಾಟಕ ಮಾಡಿ ಮಾಡಿ ಚಂದ್ರು ಅವರಿಗೆ ಆ ಹೆಸರೇ ಅಂಟಿಕೊಂಡಿತು. 1985ರಲ್ಲಿ ಅವರು ಗೌರಿಬಿದನೂರಿನಿಂದ ಗೆದ್ದು ನಿಜವಾಗಿಯೂ ಶಾಸಕರಾದರು. ರಂಗದ ಮೇಲೆ ರಾಜಕಾರಣಿಯಾಗಿ ನಿಂತವರನ್ನು ಜನ ನಿಜವಾಗಿ ವಿಧಾನಸಭೆಗೆ ಕಳಿಸಿದ ನಾಡು ನಮ್ಮದು. ನಾಟಕ, ಸಿನಿಮಾ ಸುಮ್ನೆ ಆಟ ಅಂತ ನಾನು ಒಪ್ಪುವುದೇ ಇಲ್ಲ.

ಮಸಾಲೆಪುರಿ

ಲಂಚಾವತಾರ ನಾನು ನೋಡಿಲ್ಲ. ನಿಮ್ಮ ಅಪ್ಪನ ಕೈ ವಿಷಯ ಓದಿ ಏನೋ ಆಯಿತು.

ಆದರೆ ಸಿನಿಮಾದಲ್ಲಿ ಕಲಾವಿದ ನಮ್ಮ ಕಡೆ ತಿರುಗಿ ಬೈದರೆ ಈಗಿನವರು ಉಪದೇಶ ಅಂತ ಎದ್ದು ಹೋಗುತ್ತಾರೆ. ನಾಟಕದಲ್ಲಿ ಅದು ನಡೆಯುತ್ತದೆ. ಯಾಕೆಂದರೆ ಮನುಷ್ಯ ಎದುರಿಗೇ ಇರುತ್ತಾನೆ, ನೀವೂ ತಿರುಗಿ ಮಾತಾಡಬಹುದು.

ಕಪ್ಪು ಹಲಗೆ

ನಾನು ಸರ್ಕಾರಿ ಶಾಲೆಯ ಟೀಚರ್. 2018ರ ವಿಧಾನಸಭಾ ಚುನಾವಣೆಯಲ್ಲಿ ಡ್ಯೂಟಿ ಮಾಡಿದ್ದೇನೆ, ಅಂದರೆ ಈ ಸಿನಿಮಾ ಬಂದು ನಾಲ್ಕು ತಿಂಗಳಿಗೆ. ಹಾಗಾಗಿ ಮತಗಟ್ಟೆಯ ಈ ಕಡೆಯಿಂದ ಹೇಳುತ್ತೇನೆ.

ಮೇ 11ರ ಸಂಜೆ ಮಷಿನ್ ಪೆಟ್ಟಿಗೆ ಹಿಡಿದುಕೊಂಡು ಬಸ್ಸಿನಲ್ಲಿ ಹೋದೆವು. ರಾತ್ರಿ ಶಾಲೆಯ ನೆಲದ ಮೇಲೆ ಚಾಪೆ ಹಾಸಿ ಮಲಗಿದೆವು. ಬೆಳಗ್ಗೆ ಏಜೆಂಟರ ಎದುರು ಅಣಕು ಮತದಾನ ಮಾಡಿ, ಲೆಕ್ಕ ತೋರಿಸಿ, ಅಳಿಸಿ, ಸೀಲ್ ಹಾಕಿ ಏಳಕ್ಕೆ ಶುರು. ನನ್ನದು ಬೆರಳಿಗೆ ಶಾಯಿ ಹಚ್ಚುವ ಕೆಲಸ. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಅದೇ ಶಾಯಿ. ಎಡಗೈ ತೋರುಬೆರಳು, ಉಗುರಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಗೆರೆ ಎಳೆಯಬೇಕು. ಒಬ್ಬ ಅಜ್ಜಿ ಬಂದರು. ಬೆರಳು ಚಾಚಲು ಆಗುತ್ತಿರಲಿಲ್ಲ, ಕೂಲಿ ಮಾಡಿ ಮಾಡಿ ಗಂಟು ಕಟ್ಟಿ ಮಡಿಸಿಹೋಗಿತ್ತು. ನಾನು ನಿಧಾನವಾಗಿ ಬಿಡಿಸಿ ಹಚ್ಚಿದೆ. ನೋವಾಯಿತೇನೋ, ಆದರೂ ಕೈ ಎಳೆದುಕೊಳ್ಳಲಿಲ್ಲ. ಒಣಗುವವರೆಗೆ ಬೆರಳನ್ನು ದೀಪದ ತರಹ ಹಿಡಿದುಕೊಂಡು ನಿಂತಿದ್ದರು.

ಈ ಅಜ್ಜಿ ನೋಗರಾಜ್ ಸಿನಿಮಾದಲ್ಲಿ ಇಲ್ಲ. ಅದರಲ್ಲಿ ಮತದಾರರು ಅಂದರೆ ಒಂದು ಗುಂಪು. ಕೂಗುತ್ತಾರೆ, ದುಡ್ಡು ತಗೊಳ್ಳುತ್ತಾರೆ, ಸೆಲ್ಫಿ ತಗೊಳ್ಳುತ್ತಾರೆ. ಅದೂ ನಿಜವೇ. ಆದರೆ ಅಷ್ಟೇ ನಿಜವಲ್ಲ.

ಹಿಂದಿಯ ‘ನ್ಯೂಟನ್’ (2017) ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಛತ್ತೀಸಗಢದ ಕಾಡಿನೊಳಗೆ 76 ಮತದಾರರಿಗಾಗಿ ಒಬ್ಬ ಗುಮಾಸ್ತ ಮಷಿನ್ ಹೊತ್ತು ಹೋಗುತ್ತಾನೆ. ರಾಜ್‌ಕುಮಾರ್ ರಾವ್ ನಿಯಮ ಬಿಡದ ಗುಮಾಸ್ತ, ಪಂಕಜ್ ತ್ರಿಪಾಠಿ ಬೇಗ ಮುಗಿಸಿ ಹೊರಡೋಣ ಅನ್ನುವ ಭದ್ರತಾ ಪಡೆಯ ಅಧಿಕಾರಿ. ಅದೂ ನಗಿಸುತ್ತದೆ. ಆದರೆ ಯಾರನ್ನೂ ಕೀಳು ಮಾಡಿ ನಗಿಸುವುದಿಲ್ಲ. ಓಟು ಅಂದರೇನು ಅಂತ ಆ ಜನ ಕೇಳುವಾಗ ನನಗೆ ಗಂಟಲು ಕಟ್ಟಿತು. ಇಷ್ಟು ವರ್ಷ ಪಾಠ ಮಾಡಿದ ನನಗೂ ಅದಕ್ಕೆ ಸರಿಯಾದ ಉತ್ತರ ತಕ್ಷಣ ಹೊಳೆಯಲಿಲ್ಲ.

ವಾರ್ಡ್ ನಿವಾಸಿ

ಅಜ್ಜಿಯ ವಿಷಯ ಬರೆದದ್ದಕ್ಕೆ ಧನ್ಯವಾದ ಟೀಚರ್. 2018ರಲ್ಲಿ ಇಡೀ ರಾಜ್ಯದಲ್ಲಿ ನೂರಕ್ಕೆ 72ಕ್ಕಿಂತ ಜಾಸ್ತಿ ಜನ ಓಟು ಹಾಕಿದರು, ಬೆಂಗಳೂರಿನಲ್ಲಿ 55ರ ಆಸುಪಾಸು ಅಷ್ಟೇ. ನೋಗರಾಜ್ ನೋಡಿ ಜೋರಾಗಿ ನಕ್ಕ ಊರೇ ಮತಗಟ್ಟೆಗೆ ಕಡಿಮೆ ಹೋಗಿದ್ದು. ನನಗೆ ಇದು ಬಹಳ ದಿನ ಕಾಡಿತು.

ಮಸಾಲೆಪುರಿ

ಸರಿ, ಒಪ್ಪಿದೆ, ನಾನು ನೋಡಿದ್ದಕ್ಕಿಂತ ಜಾಸ್ತಿ ಇದೆ ಈ ಸಿನಿಮಾದಲ್ಲಿ. ವೆಬ್ ಸರಣಿಯನ್ನು ಯಾರೂ ಎತ್ತಲಿಲ್ಲವಲ್ಲ? 2022ರ ಜನವರಿಯಲ್ಲಿ ಹತ್ತು ಕಂತು ಬಂತು. ನೋಗರಾಜ್ ಈಗ ಎಂಎಲ್ಎ, ಕಣ್ಣು ಸಿಎಂ ಕುರ್ಚಿಯ ಮೇಲೆ. ಯಾರಿಗೂ ಬಹುಮತ ಇಲ್ಲ, ಶಾಸಕರನ್ನು ರೆಸಾರ್ಟ್‌ಗೆ ತುಂಬಿಸುತ್ತಾರೆ. ಎದುರಿಗೆ ಪ್ರಕಾಶ್ ಬೆಳವಾಡಿ.

ನಾವೆಲ್ಲ ಅದನ್ನು ನಿಜವಾಗಿ ನೋಡಿಬಿಟ್ಟಿದ್ದೆವು. 2018ರ ಮೇನಲ್ಲಿ ದೊಡ್ಡ ಪಕ್ಷಕ್ಕೆ 104 ಸೀಟು, ಬಹುಮತ ಇಲ್ಲ. ಮೇ 17ಕ್ಕೆ ಆ ಪಕ್ಷದ ಸಿಎಂ ಪ್ರಮಾಣವಚನ, 19ಕ್ಕೆ ಅವರ ರಾಜೀನಾಮೆ, 23ಕ್ಕೆ ಇನ್ನೊಬ್ಬ ಸಿಎಂ ಪ್ರಮಾಣವಚನ. ಮತ್ತೆ 2019ರ ಜುಲೈನಲ್ಲಿ ವಿಶ್ವಾಸಮತ 99ಕ್ಕೆ 105 ಆಗಿ ಆ ಸರ್ಕಾರವೂ ಬಿತ್ತು. ಬಸ್ಸಿನ ಕಿಟಕಿಗೆ ಪರದೆ ಎಳೆದುಕೊಂಡು ಶಾಸಕರು ಹೋಗುವುದನ್ನು ಟೀವಿಯಲ್ಲಿ ನೇರ ಪ್ರಸಾರ ನೋಡಿದ ಮೇಲೆ ಸರಣಿಯವರು ಅದಕ್ಕಿಂತ ದೊಡ್ಡದಾಗಿ ಏನು ಬರೆಯಬೇಕು? ಅದಕ್ಕೇ ನನಗೆ ಸರಣಿ ಸ್ವಲ್ಪ ಎಳೆದ ಹಾಗೆ ಅನ್ನಿಸಿತು. ಬೆಳವಾಡಿಯವರ ಮಾತು, ಆ ಗತ್ತು ಮಾತ್ರ ಚೆನ್ನ. ಅವರು ಬಂದಾಗಲೆಲ್ಲ ನಾನು ಮೊಬೈಲ್ ಕೆಳಗಿಟ್ಟು ನೋಡಿದೆ.

ಸಾಲುಮರ

ಅರುಣ್ ಪಾಟೀಲ್ ಬಗ್ಗೆ ಯಾರೂ ಸರಿಯಾಗಿ ಮಾತಾಡಿಲ್ಲ, ಅದಕ್ಕೆ ನಾನು ಹಿಡಿದುಕೊಳ್ಳುತ್ತೇನೆ.

ಒಳ್ಳೆಯ ಮನುಷ್ಯನನ್ನು ತೆರೆಯ ಮೇಲೆ ತರುವುದು ಕಷ್ಟ, ಒಪ್ಪುತ್ತೇನೆ. ಆದರೆ ಇಲ್ಲಿ ಅವನಿಗೆ ಒಂದು ತಮಾಷೆಯೂ ಕೊಟ್ಟಿಲ್ಲ, ಒಂದು ದೌರ್ಬಲ್ಯವೂ ಇಲ್ಲ. ಬಿಳಿ ಹಾಳೆ ತರಹ ಇದ್ದಾನೆ. ಹಾಗಿದ್ದಾಗ ಪ್ರೇಕ್ಷಕ ನೋಗರಾಜ್ ಕಡೆ ವಾಲುವುದು ಸಹಜವೇ, ಬರೆದವರೇ ತಕ್ಕಡಿಯನ್ನು ಆ ಕಡೆ ಒತ್ತಿಟ್ಟಿದ್ದಾರೆ. ಹಿಂದಿನ ಸಾಲಿನವರು ತಮ್ಮನ್ನೇ ತಪ್ಪಿತಸ್ಥರು ಅಂದುಕೊಳ್ಳುವುದು ಬೇಡ. ಹೆಣ್ಣು ಪಾತ್ರಗಳ ಕತೆಯೂ ಅದೇ. ಸುಮುಖಿ ಸುರೇಶ್, ಶ್ರುತಿ ಹರಿಹರನ್ ಇಬ್ಬರೂ ಎಷ್ಟು ಸಮರ್ಥರು! ಅವರಿಗೆ ಕೊಟ್ಟಿದ್ದು ಹೆಂಡತಿಯ ಜಾಗ ಮಾತ್ರ. ಲಾವಣ್ಯ ಪಾತ್ರದಲ್ಲಿ ಸುಮುಖಿ ಸಿಕ್ಕ ಎರಡು ನಿಮಿಷದಲ್ಲೇ ನಗಿಸುತ್ತಾರೆ. ಅವಳೇ ಚುನಾವಣೆಗೆ ನಿಂತಿದ್ದರೆ ಹೇಗಿರುತ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇದನ್ನು ಸರಿಯಾಗಿ ಮಾಡಿದ್ದು ತಮಿಳಿನ ‘ಮಂಡೇಲಾ’ (2021). ಮಡೋನ್ ಅಶ್ವಿನ್ ಅವರ ಮೊದಲ ಸಿನಿಮಾ, ರಾಷ್ಟ್ರಪ್ರಶಸ್ತಿಯಲ್ಲಿ ಚೊಚ್ಚಲ ನಿರ್ದೇಶನಕ್ಕೂ ಸಂಭಾಷಣೆಗೂ ಗೌರವ ಸಿಕ್ಕಿತು. ಎರಡು ಜಾತಿಯಾಗಿ ಒಡೆದ ಊರು, ಎರಡೂ ಕಡೆ ಸಮ ಓಟು. ಮರದ ಕೆಳಗೆ ಕ್ಷೌರ ಮಾಡುವವನೊಬ್ಬನ ಓಟು ಬಾಕಿ. ಅವನಿಗೆ ಸರಿಯಾದ ಹೆಸರೂ ಇಲ್ಲ. ಪೋಸ್ಟಾಫೀಸಿನಲ್ಲಿ ದುಡ್ಡು ಇಡಲು ಗುರುತಿನ ಚೀಟಿ ಬೇಕು, ಅಲ್ಲಿನ ಹೆಣ್ಣುಮಗಳು ಅವನಿಗೆ ನೆಲ್ಸನ್ ಮಂಡೇಲಾ ಅಂತ ಹೆಸರಿಡುತ್ತಾಳೆ. ಇದ್ದಕ್ಕಿದ್ದ ಹಾಗೆ ಊರೆಲ್ಲ ಅವನ ಕಾಲು ಹಿಡಿಯುತ್ತದೆ. ಯೋಗಿ ಬಾಬು ಮೊದಲು ಅದನ್ನು ಸುಖವಾಗಿ ಅನುಭವಿಸುತ್ತಾನೆ, ಯಾರು ತಾನೇ ಬಿಡುತ್ತಾರೆ? ಆಮೇಲೆ ಆ ಓಟನ್ನು ಊರಿಗೆ ರಸ್ತೆ, ಶಾಲೆ ತರಿಸಲು ಹಿಡಿದುಕೊಳ್ಳುತ್ತಾನೆ. ಅವನು ಒಳ್ಳೆಯವನು, ಆಸೆಬುರುಕನೂ ಹೌದು, ಹೆದರುಪುಕ್ಕಲನೂ ಹೌದು. ಅದಕ್ಕೇ ಅವನ ಪರ ನಿಲ್ಲಲು ನಮಗೆ ಕಷ್ಟವಾಗುವುದಿಲ್ಲ. ಅರುಣ್ ಪಾಟೀಲ್‌ಗೆ ಈ ಆಸೆ, ಈ ಭಯ ಒಂದಿಷ್ಟು ಕೊಟ್ಟಿದ್ದರೆ ನೋಗರಾಜ್ ಕೊನೆ ಎಷ್ಟು ಚುಚ್ಚುತ್ತಿತ್ತು ನೋಡಿ.

ಕೆರೆ ಏರಿ

ಮಂಡೇಲಾ ನೋಡಿದ್ದೇನೆ. ಅದರಲ್ಲಿ ಯಾರ ಮಾತಿನ ಧಾಟಿಗೂ ನಾವು ನಗುವುದಿಲ್ಲ, ಊರಿನವರ ಲೆಕ್ಕಾಚಾರಕ್ಕೆ ನಗುತ್ತೇವೆ. ನಾನು ಹೇಳಬೇಕು ಅಂತಿದ್ದದ್ದು ಇದೇ. ನಮ್ಮ ಮಂಡ್ಯದ ಕನ್ನಡದಲ್ಲಿ, ಕಲಬುರಗಿಯ ಕನ್ನಡದಲ್ಲಿ ಅಂಥದ್ದೊಂದು ಬರಬೇಕು. ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಎಷ್ಟು ಕತೆ ಇಲ್ಲ ಹೇಳಿ! ಅಣ್ಣ ತಮ್ಮಂದಿರು ಎದುರುಬದುರು ನಿಲ್ಲುತ್ತಾರೆ, ಒಂದು ಓಟಿಗೆ ಸೋಲುತ್ತಾರೆ, ಮಾರನೇ ದಿನ ಒಂದೇ ಬಾವಿಗೆ ನೀರಿಗೆ ಬರುತ್ತಾರೆ.

ಕಪ್ಪು ಹಲಗೆ

ಬರೆಯಿರಿ ನೀವೇ. ನಿಜವಾಗಿ ಹೇಳುತ್ತಿದ್ದೇನೆ. ಆ ಬಾವಿಯ ಹತ್ತಿರದಿಂದಲೇ ಶುರು ಮಾಡಿ.

ಹಿಂದಿನ ಸಾಲು

ಎಲ್ಲರ ಮಾತು ಓದಿ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಮೂರನೇ ಸಲ ನೋಡಿದೆ. ಅಮ್ಮ ಏಳನೇ ಕ್ಲಾಸಿನವರೆಗೆ ಓದಿದವರು, ಇಂಗ್ಲಿಷ್ ಅಷ್ಟಾಗಿ ಬಾರದು. ಹಾಗಾಗಿ ಕೆರೆ ಏರಿಯವರು ಹೇಳಿದ ಆ ಜೋಕುಗಳು ಅವರಿಗೆ ತಾಗಲೇ ಇಲ್ಲ. ತಪ್ಪು ಇಂಗ್ಲಿಷ್ ಬಂದಾಗ ನಾನು ಅವರ ಮುಖ ನೋಡುತ್ತಿದ್ದೆ. ಅವರು ಬಟಾಣಿ ಬಿಡಿಸುತ್ತಾ ಕೂತಿದ್ದರು. ನಕ್ಕಿದ್ದೆಲ್ಲ ಮಂಜುನಾಥ ಬಂದಾಗ, ಮಸಾಲೆಪುರಿಯವರಿಗೆ ಇದು ಖುಷಿ ಕೊಡಬಹುದು.

ಕೊನೆಯಲ್ಲಿ ಫಲಿತಾಂಶ ಬಂದಾಗ ಬಟಾಣಿ ಬಿಡಿಸುವುದು ನಿಲ್ಲಿಸಿದರು. ಅವನೇ ಗೆದ್ದನಾ ಅಂತ ಕೇಳಿದರು. ಹೌದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಇನ್ನೊಬ್ಬ ಹುಡುಗ ಈಗ ಏನು ಮಾಡುತ್ತಾನೆ?’ ಅಂತ ಕೇಳಿದರು. ಮೂರು ಸಲ ನೋಡಿದ ನನಗೆ ಆ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ. ಕೆಲಸ ಬಿಟ್ಟು ಬಂದವನು, ಮನೆಯವರಿದ್ದಾರೆ, ಸೋತಿದ್ದಾನೆ. ಮತ್ತೆ ನಿಲ್ಲುತ್ತಾನಾ, ಇಲ್ಲ ಬಿಟ್ಟುಬಿಡುತ್ತಾನಾ ಅಂತ ಅಮ್ಮ ರಾತ್ರಿ ಊಟದ ಹೊತ್ತಿಗೂ ಕೇಳುತ್ತಿದ್ದರು. ಮುಂದಿನ ವಾರ ಮಂಡೇಲಾ ತೋರಿಸುತ್ತೇನೆ. ತಮಿಳು ಅವರಿಗೆ ಸ್ವಲ್ಪ ಅರ್ಥವಾಗುತ್ತದೆ.